ಮೂರನೇ ಜ್ವರದಲ್ಲಿ ಹೊರಗೆ ಕೂತವಳು

ಹೊಸದಾಗಿ ಎ.ಎನ್.ಎಂ. ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, ನನ್ನ ಮೊಣಕಾಲಿನ ಯೋಗಕ್ಷೇಮ ವಿಚಾರಿಸಿ, ಕೊನೆಗೆ ಒಂದೇ ದೂರು ಹೇಳುತ್ತಾರೆ: "ಮೇಡಂ, ಕೊನೇ ಮುಟ್ಟಿನ ತಾರೀಕು ಕೇಳಿದ್ರ ಒಬ್ಬಾಕಿನೂ ನೆಟ್ಟಗ ಹೇಳಂಗಿಲ್ರಿ." ನನಗೆ ನಗು ಬರುತ್ತದೆ. ಸರ್ವೀಸಿನ ಉದ್ದಕ್ಕೂ ನಾನು ಬೆನ್ನು ಹತ್ತಿದ್ದು ಅದೊಂದೇ ತಾರೀಕನ್ನು. ಬಡ್ತಿಯ ಬೆನ್ನು ಹತ್ತಿದ್ದರೆ ಪಿಂಚಣಿಯಾದರೂ ಸ್ವಲ್ಪ ದಪ್ಪಗಿರುತ್ತಿತ್ತು.

ಆ ತಾರೀಕು ಯಾಕೆ ಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಬಸುರಿಯ ಮೂರನೇ ತಿಂಗಳ ಕೊನೆಯಲ್ಲಿ ಒಂದು ಸ್ಕ್ಯಾನಿಂಗ್ ಇದೆ. ಕೂಸಿನ ತಲೆ ಕೂಡಿದೆಯೇ, ಕತ್ತಿನ ಹಿಂದೆ ನೀರು ಹೆಚ್ಚಾಗಿ ನಿಂತಿದೆಯೇ, ಕೈಕಾಲು ಮೊಳೆತಿವೆಯೇ ಎಂದು ಆಗ ನೋಡುತ್ತಾರೆ. ಜೊತೆಗೊಂದು ರಕ್ತಪರೀಕ್ಷೆ. ಸ್ವಲ್ಪ ಮೊದಲೇ ಹೋದರೆ ಕೂಸು ತೀರ ಚಿಕ್ಕದು, ಏನೂ ಕಾಣದು. ತಡವಾಗಿ ಹೋದರೆ ಕತ್ತಿನ ನೀರು ಆರಿರುತ್ತದೆ, ರಕ್ತದ ಫಲಿತಾಂಶಕ್ಕೆ ಅರ್ಥ ಇರುವುದಿಲ್ಲ. ನಡುವೆ ಕೆಲವೇ ವಾರ ಆ ಬಾಗಿಲು ತೆರೆದಿರುತ್ತದೆ. ಎಂದಿನಿಂದ ಎಣಿಸಬೇಕು ಎಂದು ತಿಳಿಯದಿದ್ದರೆ ಬಾಗಿಲು ತೆರೆದದ್ದೂ ಮುಚ್ಚಿದ್ದೂ ತಿಳಿಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಇದ್ಯಾವುದೂ ಇರಲಿಲ್ಲ. ಕೈ ಮತ್ತು ಕಿವಿ, ಅಷ್ಟೇ. ಹೊಟ್ಟೆಯ ಮೇಲೆ ಕೈಯಿಟ್ಟು ತಿಂಗಳು ಅಂದಾಜು ಮಾಡುವುದು, ಕೊಳವೆಯೊಂದನ್ನು ಹೊಟ್ಟೆಗೂ ಕಿವಿಗೂ ನಡುವೆ ಹಿಡಿದು ಕೂಸಿನ ಎದೆಬಡಿತ ಕೇಳುವುದು. ಒಳಗಿನ ಕೂಸಿಗೆ ಮೂಗಿದೆಯೋ ಇಲ್ಲವೋ ದೇವರಿಗೇ ಗೊತ್ತು. ಸ್ಕ್ಯಾನಿಂಗ್ ಮಷಿನ್ನನ್ನು ಮೊದಲ ಸಲ ನೋಡಿದಾಗ ನಾನು ಬಸುರಿಯನ್ನು ಮರೆತು ಪರದೆಯನ್ನೇ ನೋಡುತ್ತ ನಿಂತುಬಿಟ್ಟೆ. "ನೀನು ಪೇಷೆಂಟಾ, ನರ್ಸಾ?" ಎಂದು ಡಾಕ್ಟರು ಗದರಿದರು. ನನಗೆ ಹುಟ್ಟಿನಿಂದಲೂ ಇಣುಕಿ ನೋಡುವ ರೋಗವಿದೆ. ಈ ಕೆಲಸಕ್ಕೆ ಅದು ಒಳ್ಳೆಯ ರೋಗವೇ.

ನಾನು ಗಡಿಯಾಚೆ, ತೆಲುಗು ರಾಜ್ಯಕ್ಕೆ ಸೇರಿದ ರಾಯದುರ್ಗದ ಕಡೆಯವಳು. ಮೊದಲು ಗುಮ್ಮಘಟ್ಟದ ಕಡೆಯ ಹಳ್ಳಿಗಳಲ್ಲಿ ತಿರುಗಿದೆ, ಆಮೇಲೆ ಊರೊಳಗಿನ ವಾರ್ಡು ಕೊಟ್ಟರು. ಆ ಹೊತ್ತಿಗೆ ಊರಿನ ಓಣಿ ಓಣಿಯಲ್ಲೂ ಜೀನ್ಸ್ ಯೂನಿಟ್ಟುಗಳು ಎದ್ದಿದ್ದವು. ಬಾಗಿಲ ಮುಂದೆ ಚಪ್ಪಲಿಯ ರಾಶಿ, ಒಳಗೆ ಮಷಿನ್ನುಗಳ ಸದ್ದು. ಮಷಿನ್ ಬಾರದವರು ತಮ್ಮ ತಮ್ಮ ಮನೆಯ ಕಟ್ಟೆಯ ಮೇಲೆ ಪ್ಯಾಂಟಿನ ದಾರ ಕತ್ತರಿಸುತ್ತ ಕೂತಿರುತ್ತಿದ್ದರು. ಯೂನಿಟ್ಟಿನ ಹುಡುಗಿಯರು ಬಸುರಾದರೆ ಬಾಯಿ ಬಿಡುತ್ತಿರಲಿಲ್ಲ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂಬುದು ಮನೆಯವರ ಕಟ್ಟಳೆ. ಹೇಳಿದರೆ ಮೇಸ್ತ್ರಿ ಮಷಿನ್ನಿನಿಂದ ಎಬ್ಬಿಸಿ ಗುಂಡಿ ಹಚ್ಚಲು ಕೂರಿಸುತ್ತಾನೆ ಎಂಬುದು ಅವರ ಸ್ವಂತ ಭಯ. ಹೀಗಾಗಿ ಬಾಗಿಲು ತೆರೆದಿರುವ ಹೊತ್ತಿನಲ್ಲಿ ಬಸುರಿ ಬಚ್ಚಿಟ್ಟುಕೊಂಡಿರುತ್ತಿದ್ದಳು, ಬಸುರಿ ಹೊರಗೆ ಬರುವ ಹೊತ್ತಿಗೆ ಬಾಗಿಲು ಹಾಕಿರುತ್ತಿತ್ತು.

ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ನಿನಲ್ಲಿ ಶಾರದಾ ಎಂಬ ಹುಡುಗಿ ಒಬ್ಬಳಿದ್ದಳು. "ಎಷ್ಟು ತಿಂಗಳವ್ವಾ?" ಎಂದೆ. "ಎರಡು ತುಂಬ್ಯಾವ್ರಿ ಸಿಸ್ಟರ್," ಎಂದಳು. ಇನ್ನೂ ಸಮಯವಿದೆ ಎಂದುಕೊಂಡು ಕೆಲವು ವಾರ ಬಿಟ್ಟು ಸ್ಕ್ಯಾನಿಂಗಿಗೆ ಕಳಿಸಿದೆ. ನಾಲ್ಕನೇ ತಿಂಗಳು ನಡೆಯುತ್ತಿದೆ, ಈ ಪರೀಕ್ಷೆಗೆ ಈಗ ಕಳಿಸಿ ಉಪಯೋಗವಿಲ್ಲ ಎಂದು ಡಾಕ್ಟರು ವಾಪಸು ಕಳಿಸಿದರು. ನಮ್ಮ ಸೂಪರ್‌ವೈಸರಮ್ಮ ಎಲ್ಲರೆದುರು, "ಎಣಿಸಾಕ ಬರಂಗಿಲ್ಲೇನ ನಿನಗ?" ಎಂದರು. ಆಮೇಲೆ ವಿಚಾರಿಸಿದರೆ ಶಾರದಾ ಎಣಿಸಿದ್ದು ಮುಟ್ಟು ತಪ್ಪಿದ ದಿನದಿಂದ. ನಾವು ಎಣಿಸುವುದು ಕೊನೆಯ ಸಲ ಮುಟ್ಟಾದ ದಿನದಿಂದ. ನಡುವೆ ಒಂದಿಡೀ ತಿಂಗಳು ಕಳೆದುಹೋಗಿತ್ತು. ಅವಳ ಕೂಸು ಸುಖವಾಗಿ ಹುಟ್ಟಿತು, ಅದು ನಮ್ಮ ಪುಣ್ಯ.

"ಕೊನೇ ಸಲ ಆದಾಗಿನದು ನೆನಪಿಲ್ಲೇನು?" ಎಂದು ಕೇಳಿದ್ದಕ್ಕೆ ಅವಳು, "ತಾರೀಕು ಯಾರಿಗೆ ನೆನಪಿರ್ತಾವ್ರಿ? ಕರಿ ಪ್ಯಾಂಟಿನ ಲಾಟ್ ಬಂದಿತ್ತು ನೋಡ್ರಿ, ಆಗ. ಕರಿ ಬಟ್ಟಿಗೆ ಕರಿ ದಾರ, ಕಣ್ಣಿಗೆ ಕಾಣ್ತಿದ್ದಿಲ್ಲ, ಮ್ಯಾಲೆ ಹೊಟ್ಟಿ ನೋವು," ಎಂದಳು. ಕರಿ ಪ್ಯಾಂಟಿನ ಲಾಟ್ ಯಾವ ವಾರ ಬಂದಿತ್ತು ಎಂದು ಮೇಸ್ತ್ರಿಯನ್ನು ಕೇಳಿದೆ. ಅವನು ತಲೆ ಎತ್ತದೆ ಹೇಳಿದ. ಡಾಕ್ಟರ ಲೆಕ್ಕಕ್ಕೆ ತಾಳೆಯಾಯಿತು! ಅಂದಿನಿಂದ ನಾನು ತಾರೀಕು ಕೇಳುವುದನ್ನು ಬಿಟ್ಟೆ. "ಆಗ ಏನು ಹೊಲೀತಿದ್ದಿ?" ಎಂದು ಕೇಳುತ್ತಿದ್ದೆ. ತಾರೀಕು ಮರೆತವರಿಗೂ ಮೈ ನೋಯಿಸಿಕೊಂಡು ಮಾಡಿದ ಕೆಲಸ ನೆನಪಿರುತ್ತದೆ.

ಅದೇ ಜಂಬದಲ್ಲಿರುವಾಗ ಮಡಕಶಿರದ ಕಡೆಗೆ, ಅಮರಾಪುರದ ಹತ್ತಿರದ ಹಳ್ಳಿಗಳಿಗೆ ವರ್ಗವಾಯಿತು. ನನ್ನ "ಹೌದ್ರಿ, ಬರ್ರಿ" ಕೇಳಿ ಅಲ್ಲಿನ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಆಸ್ಪತ್ರೆಯ ಲೇಡಿ ಡಾಕ್ಟರು ಕೋಸ್ತಾ, ಅಂದರೆ ತೆಲುಗು ಕರಾವಳಿಯ ಕಡೆಯವರು, ಕನ್ನಡ ಬಾರದು. ಬಸುರಿ ಹೊಸ್ತಿಲು ದಾಟುವ ಮೊದಲೇ "ಲಾಸ್ಟು ಎಪ್ಪುಡಮ್ಮಾ?", ಕೊನೆಯದು ಯಾವಾಗ, ಎಂದು ಕೇಳುತ್ತಿದ್ದರು. ಬಂದವರು "ಯುಗಾದಿ ಆದ್ಮ್ಯಾಲೆ", "ಕಳ್ಳೇಕಾಯಿ ಬಿಡ್ಸೋವಾಗ" ಎನ್ನುತ್ತಿದ್ದರು. ಮೇಡಂ ತಲೆಗೆ ಕೈ ಹಚ್ಚಿ ನನ್ನ ಕಡೆ ನೋಡುತ್ತಿದ್ದರು.

ಅಲ್ಲಿ ಜೀನ್ಸ್ ಇರಲಿಲ್ಲ, ರೇಷ್ಮೆ ಹುಳ ಇತ್ತು. ಹುಳ ಸಾಕುವ ಮನೆಗಳಲ್ಲಿ ಒಂದು ಕಟ್ಟುನಿಟ್ಟು: ಮುಟ್ಟಾದ ಹೆಂಗಸು ಹುಳದ ಮನೆಯೊಳಗೆ ಕಾಲಿಡಬಾರದು. ಇಟ್ಟರೆ ಹುಳಕ್ಕೆ ರೋಗ ಬರುತ್ತದಂತೆ. ನಿಜವೇ ಎಂದು ಕೇಳಿದ್ದಕ್ಕೆ ಒಬ್ಬಳು, "ನಿಜಾನೋ ಸುಳ್ಳೋ, ಮೂರು ದಿನ ಕೂತ್ಕಳಾಕೆ ಸಿಕ್ತೈತಲ್ಲ ಸಿಸ್ಟ್ರಮ್ಮ," ಎಂದು ಕಣ್ಣು ಮಿಟುಕಿಸಿದಳು. ಹುಳಗಳದ್ದೂ ಒಂದು ಪಂಚಾಂಗವಿದೆ. ಮೊಟ್ಟೆಯೊಡೆದು ಗೂಡು ಕಟ್ಟುವವರೆಗಿನದು ಒಂದು ಬೆಳೆ, ಅದರೊಳಗೆ ಅವು ನಾಲ್ಕು ಸಲ ಪೊರೆ ಬಿಡುತ್ತವೆ. ಅದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಹೋದ ಹುಳ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನೆ ನಿಂತಿರುತ್ತದೆ. ಜ್ವರ ಎದ್ದ ಮೇಲೆ ಹಸಿವೋ ಹಸಿವು, ಸೊಪ್ಪು ಹಾಕಿದಷ್ಟೂ ಸಾಲದು. ಅಂಥ ಹೊತ್ತಿನಲ್ಲಿ ಸೊಸೆ ಹೊರಗೆ ಕೂತರೆ ಅತ್ತೆಯ ಸೊಂಟ ಮುರಿಯುತ್ತದೆ, ಅವಳು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಹಾಗಾಗಿ ನಾನು ಸೊಸೆಯನ್ನು ಬಿಟ್ಟು ಅತ್ತೆಯನ್ನು ಕೇಳತೊಡಗಿದೆ: "ನಿಮ್ಮ ಸೊಸಿ ಕೊನೇ ಸಲ ಹೊರಗ ಕುಂತಾಗ ಹುಳ ಎಷ್ಟನೇ ಜ್ವರದಾಗಿದ್ವು?" ಉತ್ತರ ಥಟ್ಟನೆ ಬರುತ್ತಿತ್ತು. ಮೇಡಂ ಖುಷಿಯಾಗಿ ನನಗೆ "ಪುರುಗುಲ ಸಿಸ್ಟರ್", ಹುಳಗಳ ಸಿಸ್ಟರು, ಎಂದೇ ಹೆಸರಿಟ್ಟರು.

ಅತ್ತೆಯರಲ್ಲಿ ನನಗೆ ತೀರ ಹತ್ತಿರವಾದವಳು ಹನುಮಕ್ಕ. ಅವಳ ಸೊಸೆ ಭಾಗ್ಯ, ಹನುಮಕ್ಕನ ಸ್ವಂತ ಮಗಳ ಮಗಳು. ಸೋದರಮಾವ ರಂಗಪ್ಪನಿಗೇ ಕೊಟ್ಟು ಮದುವೆ ಮಾಡಿದ್ದರು. ಹೀಗಾಗಿ ಭಾಗ್ಯ ಅತ್ತೆಯನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು. ರಂಗಪ್ಪ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮಾಡುತ್ತಿದ್ದ. ತಿಂಗಳಿಗೊಮ್ಮೆ ಊರಿಗೆ ಬಂದು ಎರಡು ದಿನ ಮಲಗಿ ಎದ್ದು ಹೋಗುತ್ತಿದ್ದ. ಹುಳ, ತೋಟ, ಮನೆ ಎಲ್ಲ ಅಜ್ಜಿ ಮೊಮ್ಮಗಳದ್ದೇ.

ನಾನು ಅಲ್ಲಿಗೆ ಹೋದ ಹೊಸದರಲ್ಲೇ ಆದ ಭಾಗ್ಯಳ ಮೊದಲ ಹೆರಿಗೆಗೆ ನಾನಿದ್ದೆ. ಅಲ್ಲಿಯವರೆಗೆ ಅವಳು ಒಂದು ಸ್ಕ್ಯಾನಿಂಗಿಗೂ ಹೋಗಿರಲಿಲ್ಲ. ಕೂಸಿನ ಕೈಕಾಲು, ಬಾಯಿ, ಮೂಗು ಎಲ್ಲ ಮುದ್ದಾಗಿದ್ದವು. ಹುಬ್ಬಿನಿಂದ ಮೇಲೆ ತಲೆಬುರುಡೆ ಇರಲಿಲ್ಲ. ಅಂಥ ಕೂಸು ಉಳಿಯುವುದಿಲ್ಲ, ಅದೂ ಉಳಿಯಲಿಲ್ಲ. ಹನುಮಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು:

"ಇದು ಯಾವಾಗ ಇಂಗಾಯ್ತು ಸಿಸ್ಟ್ರಮ್ಮ? ಒಂಬತ್ ತಿಂಗ್ಳೂ ಚೆನ್ನಾಗೇ ಒದೀತಿತ್ತಲ್ಲ?"

"ಮೊದಲನೇ ತಿಂಗಳದಾಗ ಅಜ್ಜಿ. ನಿಮಗ ಬಸುರು ಅಂತ ಗೊತ್ತಾಗೋ ಹೊತ್ತಿಗೇ ತಲಿ ಕೂಡಿರಬೇಕು. ಇದಕ್ಕ ಕೂಡಲಿಲ್ಲ."

"ನಮ್ಗೆ ಗೊತ್ತಾಗೋ ಹೊತ್ಗೇ ಎಲ್ಲಾ ಮುಗ್ದೋಗಿರ್ತೈತಾ?" ಎಂದು ಅವಳು ಬಟ್ಟೆಯ ಅಂಚನ್ನು ಕೂಸಿನ ಮೇಲೆ ಎಳೆದಳು. ಆಮೇಲೆ ತಗ್ಗಿದ ದನಿಯಲ್ಲಿ, "ಮಗಳ ಮಗಳ್ನೇ ಮಗನಿಗೆ ತಂದ್ಕಂಡಿದ್ದು ನಾನು. ಅದ್ಕೇ ಇಂಗಾಯ್ತಾ?" ಎಂದಳು.

ಮೇಡಂ ಹೇಳಿಕೊಟ್ಟಿದ್ದನ್ನೇ ನಾನು ಹೇಳಿದೆ: ರಕ್ತಸಂಬಂಧದಲ್ಲಿ ಇಂಥದ್ದಕ್ಕೆ ಸ್ವಲ್ಪ ಹೆಚ್ಚು ಅವಕಾಶ ಇರಬಹುದು, ಆದರೆ ಇದು ಅದರಿಂದಲೇ ಆಯಿತೆಂದು ಯಾರೂ ಬೊಟ್ಟು ಮಾಡಿ ತೋರಿಸಲಾರರು. ಹೊರಗಿನ ಮದುವೆಯಲ್ಲೂ ಆಗುತ್ತದೆ. ಮುಂದಿನ ಕೂಸಿಗೆ ಮಾಡಬಹುದಾದ್ದು ಎರಡು. ಬಸುರಾಗುವುದಕ್ಕೆ ಮೊದಲಿನಿಂದಲೇ ಫೋಲಿಕ್ ಮಾತ್ರೆ ನುಂಗಬೇಕು, ಮೂರನೇ ತಿಂಗಳ ಕೊನೆಯಲ್ಲಿ ತಪ್ಪದೆ ಸ್ಕ್ಯಾನಿಂಗ್ ಮಾಡಿಸಬೇಕು. ಮತ್ತೆ ಹಾಗೇ ಆಗಿದ್ದರೆ ಬೇಗ ತಿಳಿಯುವುದು ಮೇಲು. ತಡವಾದಷ್ಟೂ ತಾಯಿಯ ಮೈಗೂ ಮನಸ್ಸಿಗೂ ಕಷ್ಟ. ಭಾಗ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೆ ಅನ್ನಿಸಿರಲಿಲ್ಲ.

ಮಾತ್ರೆಯ ಉಸ್ತುವಾರಿ ಅಜ್ಜಿಯೇ ವಹಿಸಿಕೊಂಡಳು. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕುವ ಮೊದಲು ಮೊಮ್ಮಗಳ ಬಾಯಿಗೆ ಮಾತ್ರೆ. ನಾನು ಹಳ್ಳಿಗೆ ಹೋದಾಗಲೆಲ್ಲ ದೂರದಿಂದಲೇ ತಲೆಯಾಡಿಸಿ, "ಈ ಸಲಾನೂ ಹೊರಗೆ ಕೂತ್ಲು," ಎನ್ನುತ್ತಿದ್ದಳು. ಅಂದರೆ ಇನ್ನೂ ಬಸುರಿಲ್ಲ. ಬೆಳೆಯ ಮೇಲೆ ಬೆಳೆ ಬಂತು, ಯುಗಾದಿ ಕಳೆಯಿತು, ಅದೇ ವರದಿ. ನಾನು ನಿಶ್ಚಿಂತಳಾಗಿದ್ದೆ. ಹುಳದ ಮನೆಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಹನುಮಕ್ಕ ಬಸ್ಸು ಹತ್ತಿ ಆಸ್ಪತ್ರೆಗೇ ಬಂದಳು. ಹುಳ ಬಿಟ್ಟು ಬರುವವಳಲ್ಲ ಅವಳು.

"ಏನಜ್ಜಿ, ಹುಳ ಯಾರು ನೋಡ್ತಾರ?"

"ಜ್ವರಕ್ಕೆ ಹೋಗವೆ, ಸೊಪ್ಪು ಬೇಡ ಇವತ್ತು. ಅದ್ನೇ ಹೇಳಾಕ್ ಬಂದೆ. ಭಾಗ್ಯ ಹೊರಗೆ ಕೂತವ್ಳೆ."

"ಅದ್ರಾಗೇನೈತಿ?"

"ಮೂರನೇ ಜ್ವರ ಸಿಸ್ಟ್ರಮ್ಮ. ಹೋದ್ ಬೆಳೇಲೂ ಮೂರನೇ ಜ್ವರಕ್ಕೇ ಕೂತ್ಲು."

ನನಗೆ ಅರ್ಥವಾಗಲಿಲ್ಲ. ಹುಳಗಳ ಸಿಸ್ಟರೆಂಬ ಬಿರುದು ಹೊತ್ತವಳು ಕಣ್ಣು ಕಣ್ಣು ಬಿಟ್ಟೆ. ಹನುಮಕ್ಕ ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದಳು. ಒಂದು ಬೆಳೆಯ ಶುರುವಿನಿಂದ ಮುಂದಿನ ಬೆಳೆಯ ಶುರುವಿಗೆ ಒಂದು ತಿಂಗಳ ಮೇಲೆ ಒಂದಷ್ಟು ದಿನ ಹಿಡಿಯುತ್ತದೆ. ಹೆಂಗಸಿನ ಮುಟ್ಟು ತಿಂಗಳಿಗೇ ಬರುತ್ತದೆ. ಹಾಗಾಗಿ ಒಂದು ಬೆಳೆಯಲ್ಲಿ ಎರಡನೇ ಜ್ವರಕ್ಕೆ ಹೊರಗಾದವಳು ಮುಂದಿನ ಬೆಳೆಯಲ್ಲಿ ಬೇರೆ ಯಾವಾಗಲೋ ಆಗಬೇಕು. ಭಾಗ್ಯ ಮಾತ್ರ ಎರಡು ಬೆಳೆಯಿಂದ ಹುಳಕ್ಕೆ ಸೊಪ್ಪು ಬೇಡದ ದಿನವೇ ನೋಡಿ ಹೊರಗಾಗುತ್ತಿದ್ದಳು.

"ನಲವತ್ ವರ್ಷ ಹುಳ ಸಾಕಿವ್ನಿ," ಎಂದಳು ಹನುಮಕ್ಕ. "ಮುಟ್ಟು ಯಾವತ್ತಾದ್ರೂ ನಮ್ಮ ಅನುಕೂಲ ನೋಡ್ಕಂಡ್ ಬಂದೈತಾ?"

ಮೊಮ್ಮಗಳು ಚಾಪೆಯ ಕೆಳಗೆ ತೂರಿದ್ದರೆ ಅಜ್ಜಿ ರಂಗೋಲಿಯ ಕೆಳಗೆ ತೂರಿದ್ದಳು. ನಾನು ಮೇಡಂಗೆ ಹೇಳಿ ಅವಳ ಜೊತೆಗೇ ಹೊರಟೆ. ದಾರಿಯುದ್ದಕ್ಕೂ ಎಣಿಸಿದೆ. ಸುಳ್ಳು ಮುಟ್ಟುಗಳೆರಡನ್ನು ತೆಗೆದರೆ ಉಳಿದದ್ದು ಯುಗಾದಿಯ ಬೆಳೆ. ಅಲ್ಲಿಂದ ಲೆಕ್ಕ ಹಾಕಿದರೆ ಬಾಗಿಲು ಈಗಷ್ಟೇ ತೆರೆದಿತ್ತು. ಇನ್ನೊಂದು ಬೆಳೆ ಅವಳು ನಮ್ಮನ್ನು ಯಾಮಾರಿಸಿದ್ದರೆ ಮುಚ್ಚಿಹೋಗುತ್ತಿತ್ತು.

ಭಾಗ್ಯ ಹಟ್ಟಿಯ ಪಕ್ಕದ ಚಪ್ಪರದಲ್ಲಿ ಕೂತು ರಾಗಿ ಕೇರುತ್ತಿದ್ದಳು. ನನ್ನನ್ನು ಕಂಡದ್ದೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ಅಜ್ಜಿ ಹುಳದ ಮನೆಯ ಬಾಗಿಲಲ್ಲೇ ನಿಂತಳು. ನಾನು ಮೊರದ ಎದುರು ಕೂತೆ.

"ಜ್ವರದಾಗೇ ಯಾಕ ಹೊರಗ ಕುಂತಿ?"

ಅವಳು ಕೇರುವುದನ್ನು ನಿಲ್ಲಿಸಲಿಲ್ಲ. "ಬೇರೆ ದಿನ ಕೂತ್ಕಂಡ್ರೆ ಸೊಪ್ಪು ಹಾಕೋರ್ ಯಾರು? ಅಜ್ಜಿ ಒಬ್ಳೇ ಸಾಯ್ಬೇಕು."

ಸುಳ್ಳು ಹೇಳುವಾಗಲೂ ಅಜ್ಜಿಯ ಸೊಂಟದ ಚಿಂತೆ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನಮಗ ಹೇಳಬಾರದಿತ್ತೇನು ಭಾಗ್ಯ? ನಾವೇನು ಹೊರಗಿನವ್ರಾ?"

"ಹೇಳಿದ್ರೆ ಎಲ್ರೂ ನನ್ ಹೊಟ್ಟೆ ನೋಡ್ತಾರೆ. ಹೊಟ್ಟೆ ನೋಡಿ ಆ ಮಗೀನ್ ನೆನೀತಾರೆ. ನೀವೂನೂವೆ. ಸ್ಕ್ಯಾನಿಂಗ್ ಆಗೋವರ್ಗೂ ಇದು ಇರೋ ಮಗಾನಾ, ಹೋಗೋ ಮಗಾನಾ ಅಂತ ಕಾಯ್ಕಂಡ್ ಕೂತಿರ್ತೀರ." ಈಗ ಮೊರ ನಿಂತಿತ್ತು. "ಒಂದ್ ನಾಲ್ಕ್ ದಿನ ಆದ್ರೂ ಇದು ಸುಮ್ನೆ ನನ್ ಮಗು ಆಗಿರ್ಲಿ ಅಂತ, ಸಿಸ್ಟ್ರಮ್ಮ."

ಎಷ್ಟು ಹೆಂಗಸರಿಗೆ ನಾನು "ಬೇಗ ಹೇಳ್ರಿ, ಬೇಗ ಬರ್ರಿ" ಎಂದು ಗದರಿರಲಿಕ್ಕಿಲ್ಲ! ಹೇಳಿದ ಗಳಿಗೆಯಿಂದ ಅವರ ಕೂಸು ನಮ್ಮೆಲ್ಲರ ಅನುಮಾನದ ವಸ್ತುವಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಹುಡುಗಿಯರೇ, ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಬಸುರನ್ನು ಬಚ್ಚಿಟ್ಟವಳೆಲ್ಲ ತಿಳಿವಳಿಕೆ ಇಲ್ಲದವಳಲ್ಲ. ಭಾಗ್ಯ ಮಾತ್ರೆಯನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಆವತ್ತು ಗೋಡೆಯ ಕಡೆ ಮುಖ ಮಾಡಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಬರಲ್ಲ" ಎಂದು ಅವಳು ಹಟ ಹಿಡಿದಳು. ಒತ್ತಾಯ ಮಾಡಲು ನನಗೆ ಬಾಯಿ ಬರಲಿಲ್ಲ. ಹನುಮಕ್ಕ ಬಂದು ಅವಳ ಪಕ್ಕ ಕುಕ್ಕರಿಸಿ, ಮೊರದೊಳಗಿನ ಕಲ್ಲು ಆರಿಸುತ್ತ ಹೇಳಿದಳು: "ನೀನು ಏನೂ ಕೇಳ್ಬೇಡ, ಏನೂ ನೋಡ್ಬೇಡ. ಕಣ್ಣು ಮುಚ್ಕಂಡ್ ಮಲಿಕ್ಕ. ಕೇಳೋದೆಲ್ಲ ನಾನು ಕೇಳ್ತೀನಿ. ಆಮ್ಯಾಕೆ ಏನ್ ಮಾಡ್ಬೇಕು ಅಂತ ನೀನೇ ಹೇಳು, ನಿನ್ ಗಂಡನ್ನೂ ನಾನು ಬಾಯಿ ತೆಗ್ಯಾಕೆ ಬಿಡಲ್ಲ." ಭಾಗ್ಯ ಮೊರವನ್ನು ಅಜ್ಜಿಯ ಕಡೆ ಸರಿಸಿ, "ಹುಳ ಏಳೋದ್ರೊಳಗೆ ವಾಪಸ್ ಬರ್ಬೇಕು," ಎಂದಳು. ಅದೇ ಅವಳ ಒಪ್ಪಿಗೆ.

ಮಾರನೇ ದಿನ ಮೊದಲ ಬಸ್ಸಿಗೆ ಮಡಕಶಿರ, ಅಲ್ಲಿಂದ ಹಿಂದೂಪುರ. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ, ಗಂಡೋ ಹೆಣ್ಣೋ ಕೇಳುವುದೂ ಹೇಳುವುದೂ ಅಪರಾಧ ಎಂದು ಎರಡು ಭಾಷೆಯಲ್ಲಿ ದೊಡ್ಡ ಬೋರ್ಡು. ಹನುಮಕ್ಕ ನನ್ನಿಂದ ಓದಿಸಿಕೊಂಡಳು. ಅಲ್ಲಿನ ಡಾಕ್ಟರು ಅದೇ ಪ್ರಶ್ನೆಯನ್ನು ಹತ್ತಾರು ವೇಷದಲ್ಲಿ ಕೇಳಿ ಕೇಳಿ ಬೇಸತ್ತವರು. ಭಾಗ್ಯ ಮಂಚದ ಮೇಲೆ ಮಲಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಡಾಕ್ಟರು ಹೊಟ್ಟೆಗೆ ಜೆಲ್ ಹಚ್ಚಿ ಮಷಿನ್ ಆಡಿಸತೊಡಗಿದರು. ಹನುಮಕ್ಕ ಒಂದು ಹೆಜ್ಜೆ ಮುಂದೆ ಬಂದು, "ಸ್ವಾಮಿ, ಒಂದ್ ಮಾತ್ ಕೇಳ್ಬೋದಾ?" ಎಂದಳು.

"ಅದಿ ಅಡಗಕೂಡದಮ್ಮಾ!" ಅದನ್ನು ಕೇಳಬಾರದು ಎಂದರು ಡಾಕ್ಟರು, ತಿರುಗಿಯೂ ನೋಡದೆ. "ಬಯಟ ಬೋರ್ಡು ಚೂಡಲೇದಾ?" ಹೊರಗಿನ ಬೋರ್ಡು ನೋಡಲಿಲ್ಲವೇ ಎಂದು ಗದರಿದರು.

"ಅದ್ನ ಕೇಳಾಕ್ ಬಂದಿಲ್ಲ ಸ್ವಾಮಿ. ಗಂಡಾದ್ರೂ ಆಗ್ಲಿ ಹೆಣ್ಣಾದ್ರೂ ಆಗ್ಲಿ. ತಲೆ ಐತಾ?" ಹನುಮಕ್ಕ ಪರದೆಯ ಕಡೆ ಕೈ ತೋರಿದಳು. "ಅದ್ನೂ ಹೇಳ್ಬಾರ್ದು ಅಂತ ಬರ್ದೈತಾ ಬೋರ್ಡ್‌ನಾಗೆ?"

ಡಾಕ್ಟರ ಕೈ ನಿಂತಿತು. ಅವರು ನನ್ನ ಕಡೆ ನೋಡಿದರು. ಮೊದಲ ಕೂಸಿನ ವಿಷಯವನ್ನು ಎರಡು ಮಾತಿನಲ್ಲಿ ಹೇಳಿದೆ. ಅವರು ಮತ್ತೆ ಮಷಿನ್ ಆಡಿಸಿದರು, ಒಮ್ಮೆ ಅಡ್ಡಕ್ಕೆ, ಒಮ್ಮೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ. ನನಗೆ ನನ್ನ ಇಣುಕಿ ನೋಡುವ ರೋಗವೇ ಮರೆತುಹೋಗಿತ್ತು. ಜೀವಮಾನದಲ್ಲಿ ಮೊದಲ ಸಲ ಆ ಪರದೆಯ ಕಡೆ ನೋಡಲು ಧೈರ್ಯ ಬರಲಿಲ್ಲ, ಭಾಗ್ಯಳ ಮುಚ್ಚಿದ ಕಣ್ಣುಗಳನ್ನೇ ನೋಡುತ್ತಿದ್ದೆ. ಆಮೇಲೆ ಡಾಕ್ಟರು ಪರದೆಯನ್ನು ಅಜ್ಜಿಯ ಕಡೆ ತಿರುಗಿಸಿ, ತಮಗೆ ಬರುವಷ್ಟು ಕನ್ನಡದಲ್ಲಿ ಹೇಳಿದರು: "ಇಲ್ಲಿ ನೋಡಮ್ಮಾ. ಈ ಬಿಳಿ ಗೀಟು ಸುತ್ತ ಬಂದಿದೆಯಲ್ಲ, ಇದು ಬುರುಡ. ಪೂರ್ತಿ ಇದೆ."

"ಇನ್ನೊಂದ್ ಕಿತ ತೋರ್ಸಿ ಸ್ವಾಮಿ." ಅವರು ತೋರಿಸಿದರು. ಹನುಮಕ್ಕ ಬೆರಳನ್ನು ಗಾಳಿಯಲ್ಲೇ ಆ ಗೆರೆಯ ಸುತ್ತ ಒಂದು ಸುತ್ತು ಆಡಿಸಿದಳು, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡುವಂತೆ. ಆಮೇಲೆ ಬಗ್ಗಿ ಮೊಮ್ಮಗಳ ಕಿವಿಯಲ್ಲಿ, "ಕಣ್ ಬಿಡು ಭಾಗ್ಯ. ತಲೆ ಐತೆ," ಎಂದಳು.

ಡಾಕ್ಟರು ಎಚ್ಚರಿಕೆಯನ್ನೂ ಹೇಳಿದರು. ಇವತ್ತು ಕಂಡದ್ದು ಇಷ್ಟು. ಬೆನ್ನುಮೂಳೆ, ಹೃದಯಗಳನ್ನು ಐದನೇ ತಿಂಗಳಲ್ಲಿ ಮತ್ತೆ ನೋಡಬೇಕು. ಇದೆಲ್ಲ ಜರಡಿ ಹಿಡಿದ ಹಾಗೆ, ಜರಡಿ ಹಿಡಿದ ಮೇಲೂ ಒಂದೊಂದು ಕಲ್ಲು ಉಳಿಯಬಹುದು. ಅದನ್ನು ನೀವೂ ಹೇಳಬೇಕು ಹುಡುಗಿಯರೇ, ಸಂತೋಷದ ಹೊತ್ತಿನಲ್ಲೂ ಹೇಳಬೇಕು. ನಾವು ಐದನೇ ತಿಂಗಳಲ್ಲಿ ಮತ್ತೆ ಹೋದೆವು. ಹುಟ್ಟಿದ್ದು ಹೆಣ್ಣು. ಅವಳು ಈಗ ಮಡಕಶಿರದಲ್ಲಿ ಇಂಟರ್, ಅಂದರೆ ಪಿ.ಯು.ಸಿ., ಓದುತ್ತಾಳೆ, ಹುಳ ಕಂಡರೆ ಮೂಗು ಮುಚ್ಚಿಕೊಳ್ಳುತ್ತಾಳಂತೆ.

ಆದರೆ ನನಗೆ ಹೆಚ್ಚು ನೆನಪಾಗುವುದು ಆವತ್ತು ವಾಪಸು ಬಂದ ಬಸ್ಸು. ಹನುಮಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಭಾಗ್ಯ ನಮ್ಮಿಬ್ಬರ ನಡುವೆ ಕೂತಿದ್ದಳು. ಮಡಕಶಿರದ ಬೆಟ್ಟ ಕಾಣುವ ಹೊತ್ತಿಗೆ ನನ್ನ ಕೈಚೀಲದಲ್ಲಿದ್ದ ಬಸುರಿಯರ ರಿಜಿಸ್ಟರಿನ ಕಡೆ ಬೆರಳು ತೋರಿಸಿದಳು.

"ಈಗ ನನ್ ಹೆಸ್ರು ಬರ್ಕಳಿ ಸಿಸ್ಟ್ರಮ್ಮ."

ನಾನು ಪೆನ್ನು ತೆಗೆದೆ. ಕೇಳುವ ಮೊದಲೇ ಅವಳು ಹೇಳಿದಳು:

"ಯುಗಾದಿ ಬೆಳೆ. ಎರಡನೇ ಜ್ವರ ಎದ್ದ ಮಾರನೇ ದಿನ. ಹುಳ ಹಸ್ಕಂಡಿದ್ವು, ಅಜ್ಜಿ ಒಬ್ಳೇ ಸೊಪ್ಪು ಹಾಕಿದ್ಲು, ನನ್ನ ಬೈಕಂಡು ಬೈಕಂಡು. ಆವತ್ತು ನಿಜ್ವಾಗ್ಲೂ ಹೊರಗಿದ್ದೆ."